ಎಷ್ಟೊಂದು ‘ನಂಬರ್ ಒನ್’! ಸೂಪರ್‌ಹೀರೋ ಕಾಮಿಕ್ಸ್ ಎಲ್ಲಿಂದ ಶುರು ಮಾಡೋದು?

ನಮ್ಮ ಗೆಳೆಯರ ಗುಂಪಿನಲ್ಲಿ ಒಂದು ಪ್ರಶ್ನೆ ವರ್ಷಕ್ಕೆ ನಾಲ್ಕೈದು ಸಲವಾದರೂ ಬರುತ್ತದೆ. ಯಾರೋ ಒಂದು ಸಿನಿಮಾ ನೋಡಿರುತ್ತಾರೆ, ಮೆಚ್ಚಿಕೊಂಡಿರುತ್ತಾರೆ. ಆಮೇಲೆ ಕೇಳುತ್ತಾರೆ: “ಕಾಮಿಕ್ಸ್ ಓದಬೇಕು ಅನ್ನಿಸ್ತಿದೆ, ಎಲ್ಲಿಂದ ಶುರು ಮಾಡಲಿ?” ಒಬ್ಬ 2011 ಅನ್ನುತ್ತಾನೆ. ಇನ್ನೊಬ್ಬಳು 2016, ಬೇರೆ ಮಾತೇ ಇಲ್ಲ ಅನ್ನುತ್ತಾಳೆ. ಮೂರನೆಯವನು ಸೀದಾ 1986ಕ್ಕೆ ಹೋಗಿ ನಿಲ್ಲುತ್ತಾನೆ. ಕೇಳಿದವರು ಕಕ್ಕಾಬಿಕ್ಕಿ.

ಕಳೆದ ಸಲ ಹೀಗೆ ಕೇಳಿದ ಗೆಳತಿ ಕೊನೆಗೆ ಒಂದು ಮಾತು ಹೇಳಿದಳು. “ನೀವೆಲ್ಲ ನಿಮಗೆ ಇಷ್ಟವಾದದ್ದು ಹೇಳ್ತಿದ್ದೀರಿ. ನನಗೆ ಏನು ಬೇಕು ಅಂತ ಯಾರೂ ಕೇಳಲಿಲ್ಲ.” ಆ ಮಾತು ನನಗೆ ನಾಟಿತು. ಈ ಬರಹ ಅವಳ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ. ಸರಣಿಯೊಂದನ್ನು ಮತ್ತೆ ಒಂದನೇ ಸಂಚಿಕೆಯಿಂದ ಶುರು ಮಾಡುವುದಕ್ಕೆ ರೀಲಾಂಚ್ ಅನ್ನುತ್ತಾರೆ. ಎಲ್ಲ ರೀಲಾಂಚ್‌ಗಳನ್ನೂ ಇಲ್ಲಿ ತಂದಿಲ್ಲ. ಓದಿ, ಚರ್ಚೆ ಮಾಡಿ, ಇನ್ನೊಬ್ಬರ ಕೈಗೆ ಧೈರ್ಯವಾಗಿ ಕೊಡಬಹುದು ಅನ್ನಿಸಿದವು ಮಾತ್ರ ಇವೆ. ಕಥೆಯ ಶುರುವಿನ ಕೆಲವು ಸಂಗತಿಗಳನ್ನು ಹೇಳಿದ್ದೇನೆ. ಅಂತ್ಯದ ಗುಟ್ಟುಗಳನ್ನು ಆದಷ್ಟು ಬಿಟ್ಟಿದ್ದೇನೆ.

ಮೂರು ಬಗೆಯ ‘ಒಂದು’

ಮುಖಪುಟದ ಮೇಲೆ 1 ಅಂತ ಇದ್ದ ಮಾತ್ರಕ್ಕೆ ಕಥೆ ಅಲ್ಲಿಂದಲೇ ಶುರು ಅಂತ ಅರ್ಥವಲ್ಲ. ಹೊಸಬರು ಎಡವೋದು ಇಲ್ಲೇ. ಕೆಲವು ಸಲ ನಂಬರ್ ಮಾತ್ರ ಹೊಸದು, ಹಿಂದಿನ ಕಥೆಯೆಲ್ಲ ಹಾಗೇ ಮುಂದುವರಿಯುತ್ತದೆ. ಅಮೆರಿಕದ ಎರಡು ದೊಡ್ಡ ಕಾಮಿಕ್ಸ್ ಕಂಪನಿಗಳಾದ ಮಾರ್ವೆಲ್, ಡಿಸಿಗಳಲ್ಲಿ ಮಾರ್ವೆಲ್ ಹೆಚ್ಚಾಗಿ ಮಾಡುವುದು ಇದನ್ನೇ. ಕೆಲವು ಸಲ ಹಿಂದಿನದನ್ನು ಅಳಿಸಿ ಮತ್ತೆ ಬರೆಯುತ್ತಾರೆ. ನಿಜವಾದ ರೀಬೂಟ್ ಅಂದರೆ ಇದು. ಡಿಸಿ 1986ರ ಹೊತ್ತಿಗೂ 2011ರಲ್ಲೂ ಇದನ್ನು ಮಾಡಿತು. ಇನ್ನು ಕೆಲವು ಸಲ ಹಳೆಯ ಲೋಕವನ್ನು ಮುಟ್ಟುವುದೇ ಇಲ್ಲ, ಪಕ್ಕದಲ್ಲಿ ಬೇರೆಯೇ ಒಂದು ಲೋಕ ಕಟ್ಟುತ್ತಾರೆ. ಮಾರ್ವೆಲ್‌ನ ಅಲ್ಟಿಮೇಟ್, ಡಿಸಿಯ ಆಬ್ಸೊಲ್ಯೂಟ್ ಈ ಜಾತಿಗೆ ಸೇರಿದವು.

ಹಾಗಾಗಿ ಯಾವುದೇ ರೀಲಾಂಚ್ ಬಂದರೂ ನಾನು ಮೊದಲು ಕೇಳುವ ಪ್ರಶ್ನೆ: ಇದು ಏನನ್ನು ಬಿಟ್ಟಿತು? ಏನನ್ನು ಸೇರಿಸಿದ್ದೇವೆ ಅಂತ ಕಂಪನಿಯ ಜಾಹೀರಾತೇ ಕೂಗಿ ಹೇಳುತ್ತದೆ. ಬಿಟ್ಟದ್ದನ್ನು ನಾವೇ ಹುಡುಕಿಕೊಳ್ಳಬೇಕು. ಓದುವ ಖುಷಿ ಅಥವಾ ಬೇಸರ ನಿಂತಿರುವುದು ಬಹುಪಾಲು ಅದರ ಮೇಲೆ.

ನ್ಯೂ 52 ಮತ್ತು ರೀಬರ್ತ್: ನಮ್ಮ ಗುಂಪಿನ ಹಳೇ ಜಗಳ

2011ರ ಆಗಸ್ಟ್ 31ರಂದು ಡಿಸಿ ಒಂದು ಈವೆಂಟ್, ಅಂದರೆ ಹಲವು ಸರಣಿಗಳನ್ನು ಒಳಗೊಳ್ಳುವ ದೊಡ್ಡ ಕಥೆ, ಮುಗಿಸಿತು. ಅದರ ಹೆಸರು ಫ್ಲ್ಯಾಶ್‌ಪಾಯಿಂಟ್. ಅದೇ ದಿನ ಜಸ್ಟಿಸ್ ಲೀಗ್‌ನ ಹೊಸ ಮೊದಲ ಸಂಚಿಕೆ ಬಂತು. ಬರೆದವರು ಜೆಫ್ ಜಾನ್ಸ್, ಚಿತ್ರ ಜಿಮ್ ಲೀ. ಮುಂದಿನ ತಿಂಗಳು ಉಳಿದ 51 ಸರಣಿಗಳೂ ಒಂದರಿಂದ ಶುರುವಾದವು. ಈ 52 ಸರಣಿಗಳಿಗೆ ಒಟ್ಟಾಗಿ ನ್ಯೂ 52 ಅಂತ ಹೆಸರು. 1938ರಿಂದ ಒಂದೇ ಎಣಿಕೆಯಲ್ಲಿ ಬಂದಿದ್ದ ಆಕ್ಷನ್ ಕಾಮಿಕ್ಸ್ ಕೂಡ ಮೊದಲ ಸಲ ಮತ್ತೆ ಒಂದಕ್ಕೆ ಇಳಿಯಿತು. ಅಚ್ಚಾದ ಪುಸ್ತಕ ಬಂದ ದಿನವೇ ಡಿಜಿಟಲ್ ಪ್ರತಿಯೂ ಸಿಗುವಂತಾಯಿತು. ಹೊಸಬರಿಗೆ ಬಾಗಿಲು ತೆರೆಯುವ ಆಸೆ ನಿಜವಾಗಿಯೂ ಇತ್ತು. ಅದನ್ನು ಒಪ್ಪಲೇಬೇಕು.

ಹಾಗಾದರೆ ಬಿಟ್ಟದ್ದು ಏನು? ಸೂಪರ್‌ಮ್ಯಾನ್ ಮತ್ತು ಲೋಯಿಸ್ ಮದುವೆ ಹೋಯಿತು. ವರ್ಷಗಟ್ಟಲೆ ಫ್ಲ್ಯಾಶ್ ಆಗಿದ್ದ ವಾಲಿ ವೆಸ್ಟ್ ಕಾಣೆಯಾದ. ಗಾಲಿಕುರ್ಚಿಯಲ್ಲಿ ಕೂತೇ ಎಲ್ಲರಿಗೂ ದಾರಿ ತೋರಿಸುತ್ತಿದ್ದ ಬಾರ್ಬರಾ ಗಾರ್ಡನ್ ಮತ್ತೆ ಬ್ಯಾಟ್‌ಗರ್ಲ್ ಆದಳು. ಕೆಲವರಿಗೆ ಇದು ಸಂತೋಷ, ಇನ್ನು ಕೆಲವರಿಗೆ ದೊಡ್ಡ ನಷ್ಟ. ಎರಡೂ ಕಡೆಯವರ ಮಾತು ನನಗೆ ಅರ್ಥವಾಗುತ್ತದೆ.

ಆದರೆ ನ್ಯೂ 52ರ ನಿಜವಾದ ತೊಂದರೆ ಅಳಿಸಿದ್ದಲ್ಲ, ಅರ್ಧಂಬರ್ಧ ಅಳಿಸಿದ್ದು. ಸೂಪರ್‌ಹೀರೋಗಳು ಜನರ ಮುಂದೆ ಬಂದು ಸುಮಾರು ಐದು ವರ್ಷವಾಗಿದೆ ಅಂತ ಹೇಳಿದರು. ಬ್ಯಾಟ್‌ಮ್ಯಾನ್ ಮತ್ತು ಗ್ರೀನ್ ಲ್ಯಾಂಟರ್ನ್ ಕಥೆಗಳು ಮಾತ್ರ ಹಳೆಯ ದಾರಿಯಲ್ಲೇ ಮುಂದುವರಿದವು. ಆ ಐದು ವರ್ಷದಲ್ಲಿ ಬ್ಯಾಟ್‌ಮ್ಯಾನ್ ಒಬ್ಬರಾದ ಮೇಲೆ ಒಬ್ಬರಂತೆ ಇಷ್ಟು ಜನ ರಾಬಿನ್‌ಗಳನ್ನು, ಅಂದರೆ ತನ್ನ ಎಳೆಯ ಜೊತೆಗಾರರನ್ನು, ಹೇಗೆ ಬೆಳೆಸಿದ? ಅವನ ಮಗ ಡೇಮಿಯನ್‌ಗೆ ಆಗಲೇ ಹತ್ತು ವರ್ಷ ಆಗಿದ್ದು ಹೇಗೆ? ಲೆಕ್ಕ ಕೂಡುವುದಿಲ್ಲ. ಹಳೇ ಓದುಗರಿಗೆ ಇದು ಕಾಲಲ್ಲಿ ಮುಳ್ಳು. ಹೊಸಬರಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ನಿಮ್ಮ ಹಳೇ ಫ್ಯಾನ್ ಗೆಳೆಯ ಬೈದ ಅಂತ ನೀವು ಇದನ್ನು ಬಿಡಬೇಕಾಗಿಲ್ಲ.

ಅದರಲ್ಲೂ ಸ್ಕಾಟ್ ಸ್ನೈಡರ್ ಬರೆದು ಗ್ರೆಗ್ ಕಪುಲ್ಲೊ ಬಿಡಿಸಿದ ಬ್ಯಾಟ್‌ಮ್ಯಾನ್ ಬಿಡಬೇಡಿ. ಮೊದಲ ಕಥೆ ‘ಕೋರ್ಟ್ ಆಫ್ ಔಲ್ಸ್’. ತನ್ನ ಊರಿನ ಪ್ರತಿ ಕಲ್ಲೂ ತನಗೆ ಗೊತ್ತು ಅಂತ ನಂಬಿದ ಬ್ಯಾಟ್‌ಮ್ಯಾನ್‌ಗೆ ಆ ಊರೇ ಮೋಸ ಮಾಡುತ್ತದೆ. ಐದನೇ ಸಂಚಿಕೆಯಲ್ಲಿ ಅವನು ಒಂದು ಚಕ್ರವ್ಯೂಹದಲ್ಲಿ ಸಿಕ್ಕಿಬೀಳುತ್ತಾನೆ. ಅವನ ತಲೆ ಕೆಡುತ್ತಾ ಹೋದಂತೆ ಪುಟಗಳೂ ತಿರುಗುತ್ತವೆ. ಓದಬೇಕಾದರೆ ನೀವು ಪುಸ್ತಕವನ್ನೇ ತಿರುಗಿಸಬೇಕು. ಮೊದಲ ಸಲ ಅದನ್ನು ಓದಿದಾಗ ನನ್ನ ಕೈಯಲ್ಲಿದ್ದದ್ದು ಸಿನಿಮಾ ಮಾಡಲಾಗದ ಕೆಲಸವೊಂದನ್ನು ಮಾಡುತ್ತಿತ್ತು. ಕಾಮಿಕ್ಸ್ ಯಾಕೆ ಓದಬೇಕು ಅಂತ ಕೇಳುವವರಿಗೆ ನಾನು ಇವತ್ತಿಗೂ ತೋರಿಸುವುದು ಆ ಸಂಚಿಕೆ.

ನ್ಯೂ 52ರಲ್ಲಿ ಇನ್ನೊಂದು ಒಳ್ಳೆಯ ಆಯ್ಕೆ ಬ್ರಯಾನ್ ಅಜರೆಲ್ಲೊ, ಕ್ಲಿಫ್ ಚಿಯಾಂಗ್ ಜೋಡಿಯ ವಂಡರ್ ವುಮನ್. 35 ಸಂಚಿಕೆ, ಒಂದೇ ಉದ್ದನೆಯ ಕಥೆ. ಬೇರೆ ಸರಣಿಗಳ ಹಂಗೇ ಇಲ್ಲ. ಮಣ್ಣಿನಿಂದ ಹುಟ್ಟಿದವಳನ್ನು ಇಲ್ಲಿ ಗ್ರೀಕರ ದೇವರಾಜ ಜ್ಯೂಸ್‌ನ ಮಗಳನ್ನಾಗಿ ಮಾಡಿದ್ದಾರೆ. ಅದು ನನಗೆ ಇಷ್ಟವಾಗಲಿಲ್ಲ, ಕಥೆ ಮಾತ್ರ ಬಹಳ ಇಷ್ಟವಾಯಿತು. ಉಳಿದವು ಒಂದೇ ಮಟ್ಟದಲ್ಲಿಲ್ಲ. 52ರಲ್ಲಿ ಆರು ಸರಣಿಗಳು ಎಂಟನೇ ಸಂಚಿಕೆಗೇ ನಿಂತುಹೋದವು.

ಐದು ವರ್ಷದ ನಂತರ, 2016ರ ಮೇ ತಿಂಗಳಲ್ಲಿ, ಡಿಸಿ 80 ಪುಟದ ಒಂದು ವಿಶೇಷ ಸಂಚಿಕೆ ತಂದಿತು. ರೀಬರ್ತ್ ಅಲ್ಲಿಂದ ಶುರು. ಕಾಣೆಯಾಗಿದ್ದ ವಾಲಿ ವೆಸ್ಟ್ ವಾಪಸ್ ಬರಲು ಹೆಣಗುತ್ತಾನೆ. ಒಬ್ಬೊಬ್ಬರ ಹತ್ತಿರ ಹೋಗಿ ನನ್ನನ್ನು ನೆನಪಿಸಿಕೊಳ್ಳಿ ಅನ್ನುತ್ತಾನೆ. ಯಾರಿಗೂ ನೆನಪಿಲ್ಲ. ಅವನನ್ನು ಓದುತ್ತಾ ಬೆಳೆದವರಿಗೆ ಆ ಪುಟಗಳಲ್ಲಿ ಗಂಟಲು ಕಟ್ಟುತ್ತದೆ. ಅದಕ್ಕೇ ಅದನ್ನು ಹೊಸಬರಿಗೆ ಮೊದಲ ಪುಸ್ತಕವಾಗಿ ಕೊಡಬೇಡಿ ಅನ್ನೋದು. ಪರಿಚಯವೇ ಇಲ್ಲದವನು ತಿರುಗಿ ಬಂದರೆ ಕಣ್ಣೀರು ಎಲ್ಲಿಂದ ಬರಬೇಕು? ನಮ್ಮ ಗುಂಪಿನಲ್ಲಿ ಒಬ್ಬನಿಗೆ ನಾನೇ ಕೊಟ್ಟು, ಅವನು ಗೊಂದಲದಲ್ಲಿ ಅರ್ಧಕ್ಕೇ ಬಿಟ್ಟ. ಆ ವಿಶೇಷ ಸಂಚಿಕೆಯನ್ನು ಪಕ್ಕಕ್ಕಿಟ್ಟು ನೇರವಾಗಿ ಸರಣಿಗೆ ಹೋಗಿ.

ಯಾವ ಸರಣಿ? ನನ್ನ ಮೊದಲ ಆಯ್ಕೆ ಪೀಟರ್ ತೊಮಾಸಿ, ಪ್ಯಾಟ್ರಿಕ್ ಗ್ಲೀಸನ್ ಅವರ ಸೂಪರ್‌ಮ್ಯಾನ್. ಇಲ್ಲಿ ಅವನಿಗೆ ಹೆಂಡತಿ ಇದ್ದಾಳೆ, ಜಾನ್ ಅನ್ನುವ ಮಗ ಇದ್ದಾನೆ. ಮಗನಿಗೆ ಶಕ್ತಿ ಬರುತ್ತಿದೆ, ಹೆದರಿಕೆಯೂ ಇದೆ. ಜಗತ್ತನ್ನು ಎತ್ತಬಲ್ಲವನು ಆ ಹುಡುಗನ ಪಕ್ಕದಲ್ಲಿ ಕೂತು ಸಮಾಧಾನ ಹೇಳಲು ಮಾತು ಹುಡುಕುತ್ತಾನೆ. 2011ರಲ್ಲಿ ಅಳಿಸಿದ ಆ ಸಂಸಾರ ಎಷ್ಟು ಬೆಲೆಬಾಳುವಂಥದ್ದು ಅಂತ ನನಗೆ ಗೊತ್ತಾಗಿದ್ದು ಇದನ್ನು ಓದಿದ ಮೇಲೆ.

ಹಾಗಾದರೆ ಎರಡರಲ್ಲಿ ಯಾವುದು? ನಿಮಗೆ ಹಿಂದಿನದೇನೂ ಗೊತ್ತಿಲ್ಲ, ಬೇಗ ಓಡುವ, ಕತ್ತಲೆಯ ಕಥೆ ಬೇಕು ಅಂದರೆ ನ್ಯೂ 52ರ ಬ್ಯಾಟ್‌ಮ್ಯಾನ್. ಹೀರೋಗಳ ನಡುವೆ ವರ್ಷಗಳ ಸ್ನೇಹ, ಮನೆ, ಮಕ್ಕಳು ಇರಬೇಕು, ಆ ಬಿಸುಪು ಬೇಕು ಅಂದರೆ ರೀಬರ್ತ್. ರೀಬರ್ತ್‌ನಲ್ಲಿ ಕೆಲವು ಹಳೇ ಸಂಗತಿಗಳು ಅರ್ಥವಾಗದೆ ಉಳಿಯುತ್ತವೆ. ಅದನ್ನು ಸಹಿಸಿಕೊಂಡರೆ ಸಾಕು. ದೊಡ್ಡ ಕುಟುಂಬದ ಮದುವೆಗೆ ಹೋದ ಹಾಗೆ, ಯಾರು ಯಾರಿಗೆ ಏನಾಗಬೇಕು ಅಂತ ಎರಡು ದಿನದಲ್ಲಿ ತಿಳಿದುಬಿಡುತ್ತದೆ.

ಪಕ್ಕದ ಲೋಕಗಳು

ಹಳೆಯ ಭಾರವೇ ಬೇಡ ಅನ್ನುವವರಿಗೆ ಇವು. ನನ್ನ ಪ್ರಕಾರ ಹೊಸಬರಿಗೆ ಇದೇ ಸುಲಭದ ಬಾಗಿಲು. ಇಲ್ಲಿ ಮೂರರ ನಡುವೆ ಆರಿಸಬೇಕು.

ಮೊದಲನೆಯದು 2000ದಲ್ಲಿ ಶುರುವಾದ ಅಲ್ಟಿಮೇಟ್ ಸ್ಪೈಡರ್‌ಮ್ಯಾನ್. ಬ್ರಯಾನ್ ಮೈಕಲ್ ಬೆಂಡಿಸ್ ಬರೆದರು, ಮಾರ್ಕ್ ಬ್ಯಾಗ್ಲಿ ಬಿಡಿಸಿದರು. ಇಬ್ಬರೂ ಜೊತೆಯಾಗಿ ಬಿಡುವಿಲ್ಲದೆ 111 ಸಂಚಿಕೆ ಮಾಡಿದರು. 1962ರಲ್ಲಿ ಬರೀ 11 ಪುಟದಲ್ಲಿ ಮುಗಿದಿದ್ದ ಸ್ಪೈಡರ್‌ಮ್ಯಾನ್ ಹುಟ್ಟಿನ ಕಥೆಯನ್ನು ಇಲ್ಲಿ ಸಂಚಿಕೆಗಟ್ಟಲೆ ನಿಧಾನವಾಗಿ ಹೇಳುತ್ತಾರೆ. ಹೀರೋ ಪೀಟರ್‌ನನ್ನು ಸಾಕಿದ ಬೆನ್ ಚಿಕ್ಕಪ್ಪನ ಜೊತೆ ನಾವು ಸಾಕಷ್ಟು ಹೊತ್ತು ಕಳೆಯುತ್ತೇವೆ. ಹಾಗಾಗಿ ಮುಂದೆ ಏನಾಗುತ್ತದೆ ಅಂತ ಗೊತ್ತಿದ್ದರೂ ನೋವಾಗುತ್ತದೆ. 2011ರಲ್ಲಿ ಇನ್ನೊಬ್ಬ ಸ್ಪೈಡರ್‌ಮ್ಯಾನ್ ಮೈಲ್ಸ್ ಮೊರಾಲೆಸ್ ಹುಟ್ಟಿದ್ದು ಇದೇ ಲೋಕದಲ್ಲಿ. ಅವನ ಸಿನಿಮಾ ನೋಡಿ ಬಂದವರಿಗೆ ಇದು ತವರುಮನೆ.

ಒಂದು ಎಚ್ಚರಿಕೆ ಇದೆ. ಹೊಸಬರಿಗಾಗಿ ಕಟ್ಟಿದ ಈ ಲೋಕವೇ ವರ್ಷಗಳು ಉರುಳಿದಂತೆ ಭಾರವಾಯಿತು. 2008–09ರ ‘ಅಲ್ಟಿಮೇಟಮ್’ ಈವೆಂಟ್‌ನಲ್ಲಿ ಎಷ್ಟೋ ಪಾತ್ರಗಳನ್ನು ಒಟ್ಟಿಗೆ ಕೊಂದರು. ನನಗೆ ಅದರಲ್ಲಿ ದುಃಖ ಕಾಣಲಿಲ್ಲ, ಆತುರ ಕಂಡಿತು. 2015ರಲ್ಲಿ ‘ಸೀಕ್ರೆಟ್ ವಾರ್ಸ್’ ಹೊತ್ತಿಗೆ ಆ ಲೋಕವೇ ಮುಗಿಯಿತು. ಮೈಲ್ಸ್ ಮಾತ್ರ ಮಾರ್ವೆಲ್‌ನ ಮುಖ್ಯ ಲೋಕಕ್ಕೆ ಬಂದ. ಸ್ಪೈಡರ್‌ಮ್ಯಾನ್ ಸರಣಿ ಓದಿ, ಉಳಿದದ್ದನ್ನು ಬೇಕೆನಿಸಿದರೆ ನೋಡಿ.

ಎರಡನೆಯದು 2024ರ ಹೊಸ ಅಲ್ಟಿಮೇಟ್ ಸ್ಪೈಡರ್‌ಮ್ಯಾನ್. ಜೊನಾಥನ್ ಹಿಕ್‌ಮನ್ ಬರಹ, ಮಾರ್ಕೊ ಚೆಕೆಟ್ಟೊ ಚಿತ್ರ. ಹೆಸರು ಒಂದೇ, ಕಥೆ ಮಾತ್ರ ತಿರುಗುಮುರುಗು. ಪೀಟರ್‌ಗೆ ಆಗಲೇ ಮದುವೆಯಾಗಿದೆ. ಮೇರಿ ಜೇನ್ ಇದ್ದಾಳೆ, ಇಬ್ಬರು ಮಕ್ಕಳಿದ್ದಾರೆ. ಹದಿನೈದರಲ್ಲಿ ಕಚ್ಚಬೇಕಾಗಿದ್ದ ಜೇಡವನ್ನು ಯಾರೋ ತಡೆದುಬಿಟ್ಟಿದ್ದಾರೆ. ತನ್ನ ಬದುಕಿನಲ್ಲಿ ಏನೋ ಒಂದು ಇಲ್ಲ ಅಂತ ಅವನಿಗೆ ಒಳಗೊಳಗೇ ಅನ್ನಿಸುತ್ತಿದೆ. ಬೆನ್ ಚಿಕ್ಕಪ್ಪ ಬದುಕಿದ್ದಾನೆ, ಚಿಕ್ಕಮ್ಮ ಮೇ ಇಲ್ಲ. ಕಥೆಯ ಒಳಗೂ ತಿಂಗಳಿಗೆ ಒಂದು ತಿಂಗಳು ಸರಿಯುತ್ತದೆ. ಹೊಡೆದಾಟಕ್ಕಿಂತ ಊಟದ ಮೇಜಿನ ಮಾತು ಜಾಸ್ತಿ. ನಮ್ಮ ಗುಂಪಿನಲ್ಲಿ ಇದಕ್ಕೆ ಮನಸೋತವರೆಲ್ಲ ಮೂವತ್ತು ದಾಟಿದವರೇ. ಹದಿನೇಳರ ತಂಗಿಯೊಬ್ಬಳಿಗೆ ಕೊಟ್ಟಾಗ ಅವಳು ಇವನು ಯಾವಾಗ ಹಾರುತ್ತಾನೆ ಅಂತ ಕೇಳಿದಳು. ಅವಳ ಪ್ರಶ್ನೆ ಸರಿಯಾಗೇ ಇತ್ತು. ಅವಳಿಗೆ 2000ದ ಸರಣಿ ಕೊಟ್ಟೆ, ಖುಷಿಯಾಗಿ ಓದಿದಳು.

ಮೂರನೆಯದು ಆಬ್ಸೊಲ್ಯೂಟ್. 2024ರ ಅಕ್ಟೋಬರ್‌ನಲ್ಲಿ ಸ್ಕಾಟ್ ಸ್ನೈಡರ್, ನಿಕ್ ಡ್ರಗೊಟ್ಟ ಅವರ ಆಬ್ಸೊಲ್ಯೂಟ್ ಬ್ಯಾಟ್‌ಮ್ಯಾನ್‌ನಿಂದ ಶುರು. ‘ಏನನ್ನು ಬಿಟ್ಟಿತು’ ಅನ್ನುವ ನನ್ನ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರ ಕೊಟ್ಟ ರೀಲಾಂಚ್ ಇನ್ನೊಂದಿಲ್ಲ. ಬ್ಯಾಟ್‌ಮ್ಯಾನ್‌ನಿಂದ ದುಡ್ಡು, ಬಂಗಲೆ, ಮನೆಯ ಬಟ್ಲರ್ ಎಲ್ಲವನ್ನೂ ಕಿತ್ತುಕೊಂಡಿದ್ದಾರೆ. ಅವನು ದುಡಿದು ತಿನ್ನುವ ಇಂಜಿನಿಯರ್. ತಾಯಿ ಬದುಕಿದ್ದಾಳೆ. ಎದೆಯ ಮೇಲಿನ ಬಾವಲಿ ಗುರುತೇ ಕಿತ್ತು ಹಿಡಿಯುವ ಕೊಡಲಿ. ಮುಖ್ಯ ಲೋಕದಲ್ಲಿ ಅವನ ಶತ್ರುಗಳಾದ ಓಸ್ವಾಲ್ಡ್, ಹಾರ್ವಿ, ವೇಲನ್ ಇಲ್ಲಿ ಅವನ ಬಾಲ್ಯದ ಗೆಳೆಯರು. ನಾನು ಓದುವಾಗ ಹೆಚ್ಚು ಹೆದರಿದ್ದು ಇದಕ್ಕೇ. ಇವರ ಸ್ನೇಹ ಎಲ್ಲಿ ಮುರಿಯುತ್ತದೋ ಅಂತ ಪ್ರತಿ ಸಂಚಿಕೆಯಲ್ಲೂ ಎದೆ ಹೊಡೆದುಕೊಳ್ಳುತ್ತದೆ.

ಕೆಲ್ಲಿ ಥಾಂಪ್ಸನ್, ಹೇಡನ್ ಶೆರ್ಮನ್ ಅವರ ಆಬ್ಸೊಲ್ಯೂಟ್ ವಂಡರ್ ವುಮನ್ ನನಗೆ ಇನ್ನೂ ಹೆಚ್ಚು ಹಿಡಿಸಿತು. ವಂಡರ್ ವುಮನ್ ಆಗಲಿರುವ ಡಯಾನಾಳನ್ನು ಅಮೆಜಾನ್ ಅನ್ನುವ ಯೋಧೆಯರ ದ್ವೀಪದಿಂದ ಕಿತ್ತು ನರಕದಲ್ಲಿ ಬೆಳೆಸುತ್ತಾರೆ. ಸಾಕಿದವಳು ಮಾಟಗಾತಿ ಸರ್ಸಿ. ಸುತ್ತ ಇಷ್ಟು ಕೇಡು ಇದ್ದೂ ಅವಳು ಕರುಣೆ ಕಲಿಯುತ್ತಾಳೆ, ಸಾಕಿದವಳೂ ಅವಳಿಂದ ಬದಲಾಗುತ್ತಾಳೆ. ಎಲ್ಲವನ್ನೂ ಕಿತ್ತರೂ ಉಳಿಯುವುದು ಯಾವುದೋ ಅದೇ ಆ ಹೀರೋ ಅನ್ನುವುದು ಆ ಪುಟಗಳಲ್ಲಿ ಕಣ್ಣಿಗೆ ಕಟ್ಟುತ್ತದೆ. ಜೇಸನ್ ಆರನ್, ರಫಾ ಸ್ಯಾಂಡೊವಾಲ್ ಅವರ ಸೂಪರ್‌ಮ್ಯಾನ್ ಕೂಡ ಚೆನ್ನಾಗಿದೆ, ಆದರೆ ಕಾವೇರಲು ಹೊತ್ತು ತೆಗೆದುಕೊಳ್ಳುತ್ತದೆ.

ಆಬ್ಸೊಲ್ಯೂಟ್‌ನ ಒಂದು ಕಷ್ಟ ಹೇಳಲೇಬೇಕು. ಇವು ಮೂಲ ಹೀರೋವನ್ನು ಅಷ್ಟಿಷ್ಟಾದರೂ ಬಲ್ಲವರಿಗೆ ಹೆಚ್ಚು ಸವಿ. ಸಿನಿಮಾದಿಂದ ಬಂದ ಪರಿಚಯ ಸಾಕು. ಏನೂ ಗೊತ್ತಿಲ್ಲದ ಮಕ್ಕಳಿಗೆ ಕೊಡಬೇಡಿ. ರಕ್ತಪಾತವೂ ಜಾಸ್ತಿ ಇದೆ, ಅದರಲ್ಲೂ ಬ್ಯಾಟ್‌ಮ್ಯಾನ್‌ನಲ್ಲಿ.

ಅಳಿಸದೆ ಹೊಸದು ಮಾಡಿದವು

ಎಕ್ಸ್-ಮೆನ್ ಓದಬೇಕು ಅನ್ನುವವರು 2019ರ ‘ಹೌಸ್ ಆಫ್ ಎಕ್ಸ್’ ಮತ್ತು ‘ಪವರ್ಸ್ ಆಫ್ ಎಕ್ಸ್’ ಹಿಡಿಯಬಹುದು. ಎರಡೂ ಸೇರಿ 12 ಸಂಚಿಕೆ, ಒಂದರೊಳಗೊಂದು ಹೆಣೆದ ಕಥೆ. ಮ್ಯೂಟೆಂಟ್‌ಗಳು, ಅಂದರೆ ಹುಟ್ಟಿನಿಂದಲೇ ವಿಶೇಷ ಶಕ್ತಿ ಪಡೆದವರು, ಕ್ರಕೋವಾ ಅನ್ನುವ ಜೀವಂತ ದ್ವೀಪದಲ್ಲಿ ತಮ್ಮದೇ ದೇಶ ಕಟ್ಟುತ್ತಾರೆ. ಹಿಂದಿನದು ಒಂದೂ ಅಳಿದಿಲ್ಲ, ಆದರೂ ಎಲ್ಲ ಹೊಸದಾಗಿ ಕಾಣುತ್ತದೆ. ಬರೆದವರು ಮತ್ತೆ ಹಿಕ್‌ಮನ್. ಇವರಿಗೆ ನಕ್ಷೆ, ಪಟ್ಟಿ, ಟಿಪ್ಪಣಿಗಳ ಹುಚ್ಚು. ಕಥೆಯ ನಡುವೆ ಇಡೀ ಪುಟದ ಮಾಹಿತಿ ಹಾಳೆಗಳು ಬರುತ್ತವೆ. ಅವನ್ನು ಹಾರಿಸಿದರೆ ಕಥೆ ಕೈತಪ್ಪುತ್ತದೆ. ತಾಳ್ಮೆ ಇರುವವರಿಗೆ ಮಾತ್ರ.

ಹಗುರವಾದದ್ದು ಬೇಕಾದರೆ ಮಾರ್ವೆಲ್ 2012ರಲ್ಲಿ ತಂದ ಹಾಕ್‌ಐ ಓದಿ. ಮ್ಯಾಟ್ ಫ್ರ್ಯಾಕ್ಷನ್, ಡೇವಿಡ್ ಆಹಾ, 22 ಸಂಚಿಕೆ. ಹೀರೋಗೆ ಕೆಲಸವಿಲ್ಲದ ದಿನಗಳಲ್ಲಿ ಏನಾಗುತ್ತದೆ ಅನ್ನುವ ಕಥೆ. 11ನೇ ಸಂಚಿಕೆ ಪೂರ್ತಿ ಒಂದು ನಾಯಿಯ ಕಣ್ಣಿನಿಂದ. 2014ರ ಮಿಸ್ ಮಾರ್ವೆಲ್ ಕೂಡ ಹೀಗೇ ಸಲೀಸು. ಕಮಲಾ ಖಾನ್ ತಾನೇ ಸೂಪರ್‌ಹೀರೋಗಳ ಫ್ಯಾನ್ ಆಗಿರುವುದರಿಂದ ಹೊಸಬರ ಕೈ ಹಿಡಿದು ನಡೆಸುತ್ತಾಳೆ.

1986 ಹಳೆಯದಾಯಿತಾ?

ನಮ್ಮ ಆ ಮೂರನೆಯ ಗೆಳೆಯನ ಮಾತಿಗೂ ಬೆಲೆ ಕೊಡಬೇಕು. 1985–86ರ ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ಥ್ಸ್’ ಡಿಸಿಯ ಹಲವು ಲೋಕಗಳನ್ನು ಒಂದು ಮಾಡಿತು. ಅದನ್ನೇ ಮೊದಲು ಓದುವುದು ಬೇಡ. ನೂರಾರು ಪಾತ್ರಗಳು, ಹೊಸಬರಿಗೆ ಜಾತ್ರೆಯಲ್ಲಿ ಕಳೆದುಹೋದಂತಾಗುತ್ತದೆ. ಅದರ ಬೆನ್ನಿಗೆ ಬಂದವು ಮಾತ್ರ ಇವತ್ತಿಗೂ ಗಟ್ಟಿ. ಜಾನ್ ಬರ್ನ್ ಅವರ ಆರು ಸಂಚಿಕೆಯ ‘ಮ್ಯಾನ್ ಆಫ್ ಸ್ಟೀಲ್’. ಫ್ರ್ಯಾಂಕ್ ಮಿಲ್ಲರ್, ಡೇವಿಡ್ ಮಜುಕೆಲ್ಲಿ ಅವರ ನಾಲ್ಕೇ ಸಂಚಿಕೆಯ ‘ಬ್ಯಾಟ್‌ಮ್ಯಾನ್: ಇಯರ್ ಒನ್’. ಕಡಿಮೆ ಸಮಯ, ಮುಗಿದ ಕಥೆ ಬೇಕು ಅನ್ನುವವರಿಗೆ ಇಯರ್ ಒನ್‌ಗಿಂತ ಒಳ್ಳೆಯದು ನನಗೆ ತೋಚುವುದಿಲ್ಲ. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು.

ಕೊಳ್ಳುವ ಮುಂಚೆ

ಹೆಸರು ಮತ್ತು ನಂಬರ್ ನಂಬಿ ಕೊಳ್ಳಬೇಡಿ. ವರ್ಷ ಮತ್ತು ಬರಹಗಾರರ ಹೆಸರು ನೋಡಿ. ಕ್ಯಾಪ್ಟನ್ ಮಾರ್ವೆಲ್ ಸರಣಿಗೆ 2012ರಲ್ಲಿ ಒಂದು ಮೊದಲ ಸಂಚಿಕೆ, 2014ರಲ್ಲಿ ಇನ್ನೊಂದು ಮೊದಲ ಸಂಚಿಕೆ. ಎರಡನ್ನೂ ಬರೆದವರು ಕೆಲ್ಲಿ ಸ್ಯೂ ಡೆಕೊನಿಕ್! ಎರಡನೆಯದನ್ನು ಮೊದಲು ತಂದು ಪೇಚಾಡಿದವರು ನಮ್ಮಲ್ಲೇ ಇದ್ದಾರೆ.

ಬರಹಗಾರ ಮತ್ತು ಚಿತ್ರಕಾರ ಎಷ್ಟು ದಿನ ಜೊತೆಗಿದ್ದರು ಅಂತಲೂ ನೋಡಿ. ನಾನು ಮೇಲೆ ಹೊಗಳಿದ ಸರಣಿಗಳನ್ನು ಗಮನಿಸಿ, ಹೆಚ್ಚಿನವುಗಳಲ್ಲಿ ಒಂದೇ ಜೋಡಿ ಬಹಳ ಕಾಲ ನಿಂತಿದೆ. ಇದು ಕಾಕತಾಳೀಯ ಅಲ್ಲ. ರೀಲಾಂಚ್ ಅನ್ನೋದು ಕಂಪನಿಯ ತೀರ್ಮಾನ, ಅದನ್ನು ಕಥೆ ಮಾಡುವುದು ಆ ಇಬ್ಬರು. ಇನ್ನೊಂದು: ಓದುತ್ತಿರುವ ಸರಣಿಯ ನಡುವೆ ದೊಡ್ಡ ಈವೆಂಟ್ ಬಂದು, ಉಳಿದ ಕಥೆಗೆ ಬೇರೆ ಹತ್ತು ಪುಸ್ತಕ ಓದಿ ಅಂದರೆ, ಓದಬೇಡಿ. ಆ ಸಂಚಿಕೆಗಳನ್ನು ಹಾರಿಸಿ ಮುಂದೆ ಹೋಗಿ. ಮುಕ್ಕಾಲು ಪಾಲು ಸಲ ಏನೂ ಕಳೆದುಹೋಗುವುದಿಲ್ಲ.

ಗೆಳೆಯರ ಜೊತೆ ಓದುವುದಾದರೆ ಆರು ಸಂಚಿಕೆ ಒಂದು ಕಂತು ಅಂತ ಇಟ್ಟುಕೊಳ್ಳಿ. ಹೆಚ್ಚಿನ ಕಥೆಗಳು ಅಷ್ಟರಲ್ಲಿ ಒಂದು ನಿಲುಗಡೆಗೆ ಬರುತ್ತವೆ. ಎಲ್ಲರೂ ಅಲ್ಲಿವರೆಗೆ ಓದಿ ಬಂದು ಮಾತಾಡಬೇಕು, ಮುಂದಿನದನ್ನು ಯಾರೂ ಬಾಯಿ ಬಿಡಬಾರದು. ನಮ್ಮಲ್ಲಿ ಈ ನಿಯಮ ಬಂದ ಮೇಲೆ ಮಾತು ತುಂಬ ಚೆನ್ನಾಗಿ ನಡೆಯುತ್ತಿದೆ.

ಆ ಗೆಳತಿಗೆ ಕೊನೆಗೂ ಕೇಳಿದೆ, ನಿನಗೆ ಏನು ಬೇಕು ಅಂತ. “ತಾನು ಯಾರು ಅಂತ ತನಗೇ ಅನುಮಾನ ಇರುವ ಹೀರೋ ಬೇಕು,” ಅಂದಳು. ರೀಬರ್ತ್‌ನ ವಂಡರ್ ವುಮನ್ ಕೊಟ್ಟೆ. ಗ್ರೆಗ್ ರುಕಾ ಬರೆದದ್ದು. ಅದರಲ್ಲಿ ಮೊದಲಿಗೆ ಎರಡು ಕಥೆ ಸರದಿಯಲ್ಲಿ ನಡೆಯುತ್ತವೆ. ಬೆಸ ಸಂಚಿಕೆಗಳಲ್ಲಿ ಇವತ್ತಿನ ಡಯಾನಾ ತನ್ನ ಹಿಂದಿನ ಬದುಕೇ ಸುಳ್ಳಾ ಅಂತ ಹುಡುಕುತ್ತಾಳೆ, ಚಿತ್ರ ಲಿಯಮ್ ಶಾರ್ಪ್. ಸಮ ಸಂಚಿಕೆಗಳಲ್ಲಿ ಅವಳ ಮೊದಲ ವರ್ಷ, ಚಿತ್ರ ನಿಕೋಲಾ ಸ್ಕಾಟ್. ಬಂದ ಕ್ರಮದಲ್ಲೇ ಓದು, ಎರಡೂ ಒಂದಕ್ಕೊಂದು ತಾಗುತ್ತವೆ ಅಂದಿದ್ದೆ. ಅವಳು ಕೇಳಲಿಲ್ಲ. ಸಮ ಸಂಖ್ಯೆಯವನ್ನೆಲ್ಲ ಮೊದಲು ಓದಿದಳು. “ಅವಳು ಮೊದಲು ಎಷ್ಟು ಖುಷಿಯಾಗಿದ್ದಳು ಅಂತ ಗೊತ್ತಿದ್ದರೇ ತಾನೆ ಕಳೆದುಕೊಂಡದ್ದು ತಿಳಿಯೋದು, ಅಲ್ವಾ?” ಅಂತ ಮೊನ್ನೆ ಕೇಳಿದಳು. ನಾನು ಮತ್ತೆ ಮೊದಲಿಂದ ಅವಳ ಕ್ರಮದಲ್ಲಿ ಓದುತ್ತಿದ್ದೇನೆ. ಈಗ ನಾಲ್ಕನೇ ಸಂಚಿಕೆ ನಡೆಯುತ್ತಿದೆ.